ಹೊಸ್ತಿಲು ದಾಟಿದರೆ ಮಗು ಕೈತಪ್ಪುವುದೇ?

“ಹೊಸ್ತಿಲು ದಾಟಿದರೆ ಮಗು ನಿನ್ನದಲ್ಲ.” ಈ ಒಂದು ಮಾತಿಗೆ ಅಂಜಿ ಎಷ್ಟೋ ತಾಯಂದಿರು ಹೊಡೆತ ತಿಂದುಕೊಂಡೇ ಉಳಿಯುತ್ತಾರೆ. ರಾಜಿಗೆ ಕೂತ ಹಿರಿಯರೂ ಕೆಲವೊಮ್ಮೆ ಇದನ್ನೇ ಹೇಳಿ ಕಳಿಸುತ್ತಾರೆ. ಇದು ಧರ್ಮವೂ ಅಲ್ಲ, ಕಾನೂನೂ ಅಲ್ಲ.

ಸ್ವತಂತ್ರ ಧರ್ಮದ ಚರ್ಚೆ ಏನೇ ಇರಲಿ, ಇಂದು ನಮ್ಮ ಮದುವೆಗಳಿಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆ. ಅದು ಲಿಂಗಾಯತರನ್ನು ಹೆಸರಿಸಿಯೇ ಸೇರಿಸಿಕೊಂಡಿದೆ. ಮಕ್ಕಳ ಪೋಷಕತ್ವಕ್ಕೆ 1956ರ ಕಾಯ್ದೆಯಿದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಅದು ಹೇಳುತ್ತದೆ. ವಯಸ್ಸು ಎಷ್ಟೇ ಇರಲಿ, ನ್ಯಾಯಾಲಯ ಮೊದಲು ನೋಡುವುದು ಮಗುವಿನ ಹಿತವನ್ನು. ಮನೆ ಬಿಟ್ಟವರು ಯಾರು ಎಂಬುದೊಂದರಿಂದಲೇ ತೀರ್ಪು ಆಗುವುದಿಲ್ಲ.

ಆದರೆ ಹೇಗೆ ಹೊರಟೆವು ಎಂಬುದು ಮುಖ್ಯ. ಮಗುವನ್ನು ಬಿಟ್ಟು ಬಂದು ತಿಂಗಳುಗಟ್ಟಲೆ ಸುಮ್ಮನಿದ್ದರೆ, ಅದು ಅಲ್ಲಿಗೇ ಒಗ್ಗಿಕೊಂಡಿದೆ ಎಂಬ ವಾದಕ್ಕೆ ಬಲ ಬರುತ್ತದೆ. ಸಾಧ್ಯವಾದರೆ ಮಗುವಿನೊಡನೆಯೇ ಹೊರಡಿ. ಜನನ ಪ್ರಮಾಣಪತ್ರ, ಆಧಾರ್, ಶಾಲೆ ಮತ್ತು ಲಸಿಕೆಯ ದಾಖಲೆಗಳು ಜೊತೆಗಿರಲಿ. ಏಕೆ ಬಂದೆವು, ಮಗು ಎಲ್ಲಿದೆ ಎಂಬುದನ್ನು ಬರಹದಲ್ಲಿ ತಿಳಿಸಿ. ಜೀವಭಯವಿದ್ದರೆ ಗಂಡನಿಗೆ ವಿಳಾಸ ಕೊಡದೆ ಪೊಲೀಸರಿಗೆ, ವಕೀಲರಿಗೆ ತಿಳಿಸಿ. ಶಾಲೆ ತಪ್ಪಿಸಬೇಡಿ. ಅಪಾಯವಿಲ್ಲದಿದ್ದಲ್ಲಿ ತಂದೆ-ಮಗುವಿನ ಮಾತುಕತೆಯನ್ನು ತಡೆಯಬೇಡಿ. ತಡಮಾಡದೆ ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಹಿಂಸೆ ನಡೆದಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಸುಪರ್ದನ್ನು ತಾಯಿಗೆ ಕೊಡಬಲ್ಲರು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ. ಅದರ ಸಹಾಯವಾಣಿ 15100. ಮಹಿಳಾ ಸಹಾಯವಾಣಿ 181.

ಮನೆಯಿಂದ ದೂರವಾದ ತಂದೆಗೂ ಒಂದು ಮಾತು: ಮಗುವಿನ ಖರ್ಚನ್ನೂ ಭೇಟಿಯನ್ನೂ ನಿಲ್ಲಿಸಬೇಡಿ. ಹಟಕ್ಕೆ ಬಿದ್ದು ದೂರ ಉಳಿದ ದಿನಗಳು ನಾಳೆ ನಿಮ್ಮ ವಿರುದ್ಧವೇ ನಿಲ್ಲುತ್ತವೆ.

ಕೌಶಿಕನ ಅರಮನೆ ತೊರೆದು ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪ ಹಿಂದಕ್ಕೆ ಅಟ್ಟಲಿಲ್ಲ. ಆಕೆಯ ಜಯಂತಿ ಆಚರಿಸುವ ನಾವು, ಕಂಕುಳಲ್ಲಿ ಕೂಸಿಟ್ಟುಕೊಂಡು ಮಠದ ಬಾಗಿಲಿಗೆ ಬಂದವಳನ್ನು “ಹೊಂದಿಕೊಂಡು ಹೋಗವ್ವ” ಎಂದು ಅದೇ ರಾತ್ರಿ ಹಿಂದಕ್ಕೆ ಕಳಿಸುವುದು ತರವೇ? ಮಠಗಳಲ್ಲಿ ದಾಸೋಹವಿದೆ, ತಂಗಲು ಕೋಣೆಗಳಿವೆ, ಭಕ್ತರಲ್ಲಿ ವಕೀಲರಿದ್ದಾರೆ. ತಿಂಗಳಿಗೊಂದು ದಿನ ಒಬ್ಬ ವಕೀಲರು ಮಠದಲ್ಲಿ ಕೂತು ಇಂಥವರ ಮಾತು ಕೇಳಲಿ. ರಾಜಿಯ ಮಾತು ಆಮೇಲೆ ಆಡೋಣ. ಮೊದಲು ತಾಯಿ ಮಗು ಕ್ಷೇಮವಾಗಿರಲಿ.