ಪರಾಕ್ ಅಂದ್ರೇನು, ಹೇಳು ನೋಡೋಣ!

ಕಾಲೇಜಿನ ದಿನಗಳಲ್ಲಿ ನನಗೊಂದು ಹುಚ್ಚಿತ್ತು. ಯಾರೂ ಬಳಸದ ಹಳೆಯ ಇಂಗ್ಲಿಷ್ ಪದಗಳನ್ನು ಹುಡುಕಿ, ಅವು ಎಲ್ಲಿಂದ ಬಂದವು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡೋದು. 'ವಿಯರ್ಡ್' ಅಂದ್ರೆ ಇವತ್ತು ವಿಚಿತ್ರ, ಆದರೆ ಮೂಲದಲ್ಲಿ ವಿಧಿ, ಹಣೆಬರಹ. ಮ್ಯಾಕ್‌ಬೆತ್ ನಾಟಕದ ಮೂವರು ಮಾಟಗಾತಿಯರಿಗೆ ಆ ಪದ ಅಂಟಿದ್ದು ಹಳೆಯ ಅರ್ಥದಲ್ಲೇ. ಇಂಥವು ಸಿಕ್ಕರೆ ಆ ದಿನ ಊಟ ರುಚಿಸ್ತಿತ್ತು :)

ಒಮ್ಮೆ ದಸರಾ ರಜೆಗೆ ಊರಿಗೆ ಹೋದಾಗ ಅಜ್ಜ ದೇವರಗುಡ್ಡಕ್ಕೆ ಕರೆದುಕೊಂಡು ಹೋದ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ ನಿಮಗೆ ಗೊತ್ತಿರಬಹುದು. ಮಾಲತೇಶನ ಗುಡಿ ಇರುವ ಬೆಟ್ಟ. ಮಹಾನವಮಿಗೆ ಅಲ್ಲಿ ಕಾರಣಿಕ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ!" ಅಂತ ಕೂಗುತ್ತಾನೆ. ಸಾವಿರಾರು ಜನ ಗಪ್‌ಚಿಪ್. ಆಮೇಲೆ ಒಂದೇ ಸಾಲಿನ ನುಡಿ, ಕೊನೆಗೆ "ಪರಾಕ್". ನುಡಿದವನೇ ಮೇಲಿನಿಂದ ಬೀಳ್ತಾನೆ, ಕೆಳಗಿದ್ದವರು ಹಿಡ್ಕೋತಾರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜ ಕೇಳಿದ: "ಲೇ ತಮ್ಮಾ, ಅಷ್ಟು ಇಂಗ್ಲೀಷ್ ಕಲ್ತೀಯಲ್ಲ, ಪರಾಕ್ ಅಂದ್ರ ಏನು ಹೇಳು ನೋಡೂಣು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊರವ, ಕಾರಣಿಕ, ಸದ್ದಲೇ... ಹುಟ್ಟಿದಾಗಿನಿಂದ ಕೇಳಿದ ಪದಗಳು, ಒಂದರ ಬೇರೂ ಗೊತ್ತಿಲ್ಲ!

ಆಮೇಲೆ ನಿಘಂಟು ತಿರುವಿ ನೋಡಿದೆ. ಪರಾಕು ರಾಜರ ಮುಂದೆ ಭಟರು ಕೂಗುತ್ತಿದ್ದ 'ಎಚ್ಚರಿಕೆ!'. ನಾಟಕಗಳ 'ಬಹುಪರಾಕ್' ಅದೇ. ಆದರೆ ಪಕ್ಕದ ತೆಲುಗಿನಲ್ಲಿ ಪರಾಕು ಅಂದ್ರೆ ಮೈಮರೆವು, ಗಮನವಿಲ್ಲದಿರುವುದು. ಸಂಸ್ಕೃತದ 'ಪರಾಕ್' ಕೂಡ 'ಆಚೆ ತಿರುಗಿದ' ಎಂಬರ್ಥದ್ದು. ಅಂದರೆ ಮೈಮರೆವೂ ಅದೇ, ಎಚ್ಚರವೂ ಅದೇ! ಇಂಗ್ಲಿಷಿನ 'ಓವರ್‌ಸೈಟ್' ಹೀಗೇ. ಮೇಲ್ವಿಚಾರಣೆಗೂ ಅದೇ ಪದ, ಕಣ್ತಪ್ಪಿಗೂ ಅದೇ ಪದ.

'ಸದ್ದಲೇ' ಇನ್ನೂ ಮಜವಾಗಿದೆ. ಸದ್ದು ಅನ್ನೋದು 'ಶಬ್ದ'ದ ತದ್ಭವ. ಶಬ್ದ ಅಂತ ಕೂಗಿ ನಿಶ್ಶಬ್ದ ಮಾಡಿಸೋದು! ಇದರ ಅಣ್ಣನಂಥ ಪದ ಇಂಗ್ಲಿಷಿನಲ್ಲಿದೆ: 'ಓಯೆಜ್'. ಹಳೆಯ ಫ್ರೆಂಚಿನಿಂದ ಬಂದದ್ದು, ಅರ್ಥ 'ಕೇಳಿರಿ'. ಡಂಗುರದವರು, ಕೋರ್ಟಿನ ಕೂಗುಗಾರರು ಇದನ್ನು ಮೂರು ಸಲ ಕೂಗುತ್ತಿದ್ದರು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇವತ್ತಿಗೂ ಕೂಗುತ್ತಾರೆ. ಫ್ರೆಂಚ್ ಗೊತ್ತಿಲ್ಲದ ಇಂಗ್ಲಿಷರು ಅದನ್ನು 'ಓ ಯೆಸ್' ಅಂತ ಕೇಳಿಸಿಕೊಂಡು ಹಾಗೇ ಬರೆದದ್ದೂ ಉಂಟು.

ಗೊರವ? 'ಗುರುವರ್' ಎಂಬುದರಿಂದ ಬಂದದ್ದು ಅಂತಾರೆ. ಹಳಗನ್ನಡ ಶಾಸನಗಳಲ್ಲಿ ಗೊರವರು ಶೈವ ತಪಸ್ವಿಗಳು, ಗುಡಿಗಳಿಗೆ ಬಂದ ದಾನವನ್ನು ನೋಡಿಕೊಳ್ಳುವವರು. ಇವತ್ತು ಕರಿ ಕಂಬಳಿ ತೊಟ್ಟು ಡಮರುಗ ಹಿಡಿದು ಮನೆಮುಂದೆ ಬಂದರೆ ನಾವು 'ಭಿಕ್ಷೆಯವ' ಅಂತೀವಿ. ಗುರು ಭಿಕ್ಷುಕನಾದ ಕಥೆ ಒಂದೇ ಪದದೊಳಗಿದೆ.

ಕಾರಣಿಕಕ್ಕೆ 'ಕಾರಣ'ವೇ ಮೂಲ. ಸಂಸ್ಕೃತದಲ್ಲಿ ಕಾರಣಿಕ ಅಂದರೆ ಕಾರಣ ವಿಚಾರಿಸುವವ, ನ್ಯಾಯ ಹೇಳುವವ. ತುಳುನಾಡಿನಲ್ಲಿ ಕಾರ್ಣಿಕ ದೈವದ ಶಕ್ತಿ, ಪವಾಡ. ನಮ್ಮ ಕಡೆ ಮುಂದಾಗುವುದರ ನುಡಿ. ಇಂಥ ನುಡಿ ಹೇಳುವವನಿಗೆ ಇಂಗ್ಲಿಷಿನಲ್ಲಿ 'ಸೂತ್‌ಸೇಯರ್' ಅಂತಾರೆ. ಸೂತ್ ಅಂದರೆ ನಿಜ. ಅದು ನಮ್ಮ 'ಸತ್ಯ'ದ 'ಸತ್' ಜೊತೆ ಒಂದೇ ಬೇರಿನಿಂದ ಒಡೆದ ಕೊಂಬೆ! ನನ್ನ ನೋಟ್‌ಬುಕ್ಕಿಗೂ ದೇವರಗುಡ್ಡಕ್ಕೂ ನಂಟಿದೆ ಅಂತ ಅವತ್ತು ಗೊತ್ತಾಯ್ತು. ಕಂಬಳಿ ಕೂಡ 1886ರ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ 'ಕಂಬ್ಲಿ' ಅಂತ ಕೂತಿದೆ.

ಇನ್ನೊಂದು ಹೇಳಲೇಬೇಕು. ಭಕ್ತರು ಕೂಗುವ 'ಏಳುಕೋಟಿ' ಗುಡ್ಡ ಇಳಿದು ಮಹಾರಾಷ್ಟ್ರ ಸೇರಿದೆ. ಪುಣೆ ಜಿಲ್ಲೆಯ ಜೆಜುರಿಯಲ್ಲಿ ಖಂಡೋಬನ ಭಕ್ತರು ಭಂಡಾರ ತೂರುತ್ತಾ 'ಯೇಳಕೋಟ್' ಅಂತ ಕೂಗುತ್ತಾರಲ್ಲ, ಅದು ನಮ್ಮ ಏಳುಕೋಟಿಯೇ. ಮರಾಠಿಯಲ್ಲಿ ಏಳಕ್ಕೆ 'ಸಾತ್'. ಲಕ್ಷಾಂತರ ಜನ ಕನ್ನಡ ಅಂತ ಗೊತ್ತಿಲ್ಲದೆಯೇ ಕನ್ನಡ ಕೂಗುತ್ತಿದ್ದಾರೆ. ಆ ಭಂಡಾರವೂ ಅಷ್ಟೇ. ಖಜಾನೆ ಅನ್ನುವ ಪದ ದೇವರ ಗುಡಿಯಲ್ಲಿ ಅರಿಶಿನದ ಪುಡಿಯಾಯಿತು.

ಈಗ ನನ್ನ ತಕರಾರಿಗೆ ಬರ್ತೀನಿ. ದೇವರಗುಡ್ಡದಲ್ಲಿ ಇರಲಿ, ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಇರಲಿ, ಕಾರಣಿಕ ಆದ ಸಂಜೆಗೇ ಟಿವಿಯಲ್ಲಿ ಚರ್ಚೆ ಶುರು. ಯಾರ ಸರ್ಕಾರ ಬೀಳುತ್ತೆ, ಯಾರು ಮುಖ್ಯಮಂತ್ರಿ ಆಗ್ತಾರೆ, ಮಳೆ ಹೆಂಗೆ... ಆ ನುಡಿಯಲ್ಲಿರುವ ಪದ ಏನು, ಯಾವ ಕಸುಬಿನದು, ಯಾವ ಊರಿನದು ಅಂತ ಒಬ್ಬರೂ ಕೇಳೋದಿಲ್ಲ. ಕಾರಣಿಕ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ಆ ಕನ್ನಡವನ್ನಾದರೂ ನಂಬಬೇಕಲ್ಲ?

"ನಿಘಂಟು ಇದೆಯಲ್ಲ" ಅಂತೀರಿ. ಇದೆ, ಕೈಮುಗೀತೀನಿ. ಕಿಟೆಲ್ ಅವರದು 1894ರಲ್ಲೇ ಬಂತು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕೆಲಸ 1995ರಲ್ಲಿ ಮುಗಿಯಿತು. ಆದರೆ ನಿಘಂಟಿನ ದೊಡ್ಡ ಆಸರೆ ಬರಹ: ಶಾಸನ, ಕಾವ್ಯ, ಪುಸ್ತಕ. ಬರೆಯದವರ ಮಾತು ಹೇಗೆ ಪೂರ್ತಿ ಒಳಗೆ ಬಂದೀತು? ಆಕ್ಸ್‌ಫರ್ಡ್ ನಿಘಂಟಿಗೆ ಸಂಪಾದಕ ಮರ್ರೆ 1879ರಲ್ಲಿ ಸಾಮಾನ್ಯ ಓದುಗರ ಸಹಾಯ ಕೇಳಿದ್ದರು. ಜನ ಚೀಟಿಗಳಲ್ಲಿ ಪದ, ಅದು ಬಂದ ವಾಕ್ಯ ಬರೆದು ಕಳಿಸಿದರು. 1928ರಲ್ಲಿ ಮುಗಿದ ಆ ನಿಘಂಟು ನಿಂತಿರೋದು ಅಂಥ ಚೀಟಿಗಳ ಮೇಲೆ. ನನ್ನ ನೋಟ್‌ಬುಕ್ಕಿನ ಬೆರಗೆಲ್ಲ ಯಾರೋ ಬರೆದ ಚೀಟಿಯ ಪುಣ್ಯ.

ಅಜ್ಜ ಕುರಿ ಸಾಕಿದವನು. ಕುರಿಯ ಬಣ್ಣಕ್ಕೊಂದು, ಕಿವಿಗೊಂದು, ವಯಸ್ಸಿಗೊಂದು ಹೆಸರು ಹೇಳ್ತಿದ್ದ. ಪರಾಕಿನ ಉತ್ತರ ಹುಡುಕಿಕೊಂಡು ಹೋಗಿ ಹೇಳಿದಾಗ ನಕ್ಕು, "ಇನ್ನೂ ಭಾಳ ಅದಾವ ಬರ್ಕೋ" ಅಂದ. ಮುಂದಿನ ರಜೆಗೆ ಬರ್ಕೋತೀನಿ ಅಂದೆ. ಆ ರಜೆ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಒಂದು ಪದವೂ ನನ್ನ ಹತ್ತಿರ ಇಲ್ಲ. 'ವಿಯರ್ಡ್' ಮಾತ್ರ ಇದೆ.

ಹಾಗಾಗಿ ಗೆಳೆಯರೇ, ಇಂಗ್ಲಿಷ್ ಪದಗಳ ಹುಚ್ಚು ಬಿಡಿ ಅನ್ನೋದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಮನೆಯಲ್ಲಿ ಹಿರಿಯರಿದ್ದರೆ ಈ ವಾರ ಹತ್ತು ಪದ ಕೇಳಿ. ಬರೀ ಅರ್ಥ ಸಾಲದು. ಯಾರು ಹೇಳಿದರು, ಯಾವ ಊರು, ಯಾವ ವಾಕ್ಯದಲ್ಲಿ ಬಂತು, ಅಷ್ಟನ್ನೂ ಬರೆದು ಹಾಕಿ. ಮುಂದಿನ ರಜೆಗೆ ಅಂತ ಇಡಬೇಡಿ.

ಪರಾಕ್! ಅರ್ಥ ಈಗ ನಿಮಗೂ ಗೊತ್ತಲ್ಲ?