ಬೆಂಗಳೂರು ಎಫ್‌ಸಿ: ತೀರ್ಮಾನ ಮಾಲೀಕರದು, ತಳಮಳ ಅಭಿಮಾನಿಗಳದು

ದೇಸೂರ (ಬೆಳಗಾವಿ): ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟ ರೈಲಿಗೆ ಸಿಗುವ ಮೊದಲ ನಿಲ್ದಾಣ ದೇಸೂರ. ಖಾನಾಪುರ ದಾಟಿ ಕಾಡಿನ ನಡುವೆ ಸಾಗಿದರೆ ಲೋಂಡಾ ಜಂಕ್ಷನ್. ಅಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ಕ್ಯಾಸಲ್‌ರಾಕ್ ಘಟ್ಟವಿಳಿದು ಗೋವಾದ ಮಡಗಾಂವಕ್ಕೆ ಹೋದರೆ, ಇನ್ನೊಂದು ಧಾರವಾಡ, ಹುಬ್ಬಳ್ಳಿ ಮಾರ್ಗವಾಗಿ ಬೆಂಗಳೂರು ಸೇರುತ್ತದೆ. ಈ ಭಾಗದ ಫುಟ್‌ಬಾಲ್ ಪ್ರೇಮಿಯ ಮನಸ್ಸೂ ಲೋಂಡಾದಲ್ಲಿಯೇ ಕವಲೊಡೆದಿದೆ. ಒಂದು ದಿಕ್ಕಿನಲ್ಲಿ ಎಫ್‌ಸಿ ಗೋವಾ, ಇನ್ನೊಂದು ದಿಕ್ಕಿನಲ್ಲಿ ಬೆಂಗಳೂರು ಎಫ್‌ಸಿ.

ದೂರದ ಲೆಕ್ಕ ಹಾಕಿದರೆ ಗೋವಾ ಹತ್ತಿರ. ಬೆಳಗಾವಿಯಿಂದ ಬೆಂಗಳೂರಿಗೆ ರೈಲುಮಾರ್ಗ 600 ಕಿ.ಮೀ.ಗೂ ಹೆಚ್ಚು. ಮಡಗಾಂವಕ್ಕೆ ಅದರ ಸುಮಾರು ಕಾಲು ಭಾಗದ ದಾರಿ. 2025ರ ಆಗಸ್ಟ್ 10ರಂದು ಆರಂಭವಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್ ರೈಲಿಗೂ ಎಂಟು ಗಂಟೆಗಿಂತ ಹೆಚ್ಚು ಸಮಯ ಬೇಕು. ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ ನೋಡಿ ಬೆಳಗಾಗುವುದರೊಳಗೆ ಕೆಲಸಕ್ಕೆ ಹಾಜರಾಗುವುದು ಇಲ್ಲಿನವರಿಗೆ ಸುಲಭವಲ್ಲ. ಆದರೂ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಕರ್ನಾಟಕದ ಹೆಸರು ಹೊತ್ತ ಏಕೈಕ ತಂಡ ಎಂಬ ಮಮಕಾರ ಬೆಂಗಳೂರಿನ ಕಡೆಗೆ ಎಳೆಯುತ್ತದೆ.

ಈ ಮಮಕಾರವೇ ಈಗ ಚರ್ಚೆಗೆ ಕಾರಣವಾಗಿದೆ. ಚಹಾದಂಗಡಿಯ ಬೆಂಚಿನ ಮೇಲೆ, ನಗರಕ್ಕೆ ಹೊರಟ ಬಸ್ಸಿನಲ್ಲಿ, ಒಮ್ಮೆ ಕನ್ನಡದಲ್ಲಿ, ಮತ್ತೊಮ್ಮೆ ಮರಾಠಿಯಲ್ಲಿ ಚರ್ಚೆಯಾಗುವುದು ಗೋಲುಗಳ ಲೆಕ್ಕವಷ್ಟೇ ಅಲ್ಲ. ಕೋಚನ್ನು ತೆಗೆದದ್ದು ಸರಿಯೇ? ಆ ಆಟಗಾರನನ್ನು ಬಿಟ್ಟುಕೊಟ್ಟದ್ದೇಕೆ? ಸಂಬಳ ನಿಲ್ಲಿಸಿದ್ದು ನ್ಯಾಯವೇ? ಪ್ರಶ್ನೆಗಳೆಲ್ಲ ಮೈದಾನ ಬಿಟ್ಟು ಕ್ಲಬ್‌ನ ಕಚೇರಿಯತ್ತ ಹೊರಳಿವೆ. ಉತ್ತರ ಕೊಡಬೇಕಾದವರು ಮಾತ್ರ ಅಪರೂಪಕ್ಕೆ ಬಾಯಿ ತೆರೆಯುತ್ತಾರೆ.

ಏರಿದ ಎತ್ತರ

ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಈ ಕ್ಲಬ್ಬನ್ನು ಹುಟ್ಟುಹಾಕಿತು. ಆ್ಯಶ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ ಚೊಚ್ಚಲ ಋತುವಿನಲ್ಲಿಯೇ ಐ–ಲೀಗ್ ಪ್ರಶಸ್ತಿ ಬಂತು. 2014ರ ಏಪ್ರಿಲ್‌ನಲ್ಲಿ ಆ ಪ್ರಶಸ್ತಿ ಖಚಿತವಾದದ್ದು ಮಡಗಾಂವದ ಫತೋರ್ಡಾ ಮೈದಾನದಲ್ಲಿ, ಗೋವಾದ ಬಲಾಢ್ಯ ಡೆಂಪೊ ತಂಡವನ್ನು 4–2ರಿಂದ ಮಣಿಸಿದಾಗ ಎಂಬುದು ಗಮನಾರ್ಹ. 2015–16ರಲ್ಲಿ ಮತ್ತೆ ಐ–ಲೀಗ್ ಕಿರೀಟ. 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಗೌರವ. 2017ರಲ್ಲಿ ಐಎಸ್‌ಎಲ್ ಪ್ರವೇಶ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ರಾಹುಲ್ ಭೆಕೆ ಹೆಚ್ಚುವರಿ ಅವಧಿಯಲ್ಲಿ ಗಳಿಸಿದ ಏಕೈಕ ಗೋಲಿನಿಂದ ಎಫ್‌ಸಿ ಗೋವಾ ವಿರುದ್ಧ ಗೆಲುವು.

ಆರು ವರ್ಷಗಳಲ್ಲಿ ಇಷ್ಟೆಲ್ಲ ಕಂಡ ಅಭಿಮಾನಿಗೆ ಗೆಲುವು ಅಭ್ಯಾಸವಾಯಿತು. ಆಗ ಕ್ಲಬ್‌ನ ಆಡಳಿತವನ್ನು ಯಾರೂ ಪ್ರಶ್ನಿಸಲಿಲ್ಲ. ಗೆದ್ದ ಎತ್ತಿನ ಹಲ್ಲು ಎಣಿಸುವವರಿರಲಿಲ್ಲ.

ಕೋಚ್ ಬದಲಾವಣೆಯ ಸರಣಿ

ತಿರುವು ಬಂದದ್ದು 2021ರ ಜನವರಿಯಲ್ಲಿ. ಐಎಸ್‌ಎಲ್ ಗೆದ್ದುಕೊಟ್ಟ ಕಾರ್ಲೆಸ್ ಕ್ವಾಡ್ರಾತ್, ಸತತ ಮೂರು ಸೋಲುಗಳ ಬಳಿಕ ನಿರ್ಗಮಿಸಿದರು. ಪರಸ್ಪರ ಒಪ್ಪಿಗೆಯ ಬೇರ್ಪಡೆ ಎಂಬುದು ಅಧಿಕೃತ ಮಾತು. ಅವರ ಸ್ಥಾನಕ್ಕೆ ಮೂರು ವರ್ಷದ ಒಪ್ಪಂದದ ಮೇಲೆ ಬಂದ ಮಾರ್ಕೊ ಪೆಝಯುಲಿ ಒಂದೂವರೆ ವರ್ಷ ತುಂಬುವ ಮುನ್ನವೇ ಹೊರಟರು. 2022ರ ಜೂನ್‌ನಲ್ಲಿ ಸೈಮನ್ ಗ್ರೇಸನ್ ಬಂದರು. ಡುರಾಂಡ್ ಕಪ್ ಗೆದ್ದರು, ಐಎಸ್‌ಎಲ್ ಫೈನಲ್ ತಲುಪಿಸಿದರು. ಮುಂದಿನ ಋತುವಿನಲ್ಲಿ ಮುಂಬೈ ಸಿಟಿ ವಿರುದ್ಧ ತವರಿನಲ್ಲಿ 0–4ರಿಂದ ಸೋತ ಮರುದಿನವೇ, 2023ರ ಡಿಸೆಂಬರ್ 9ರಂದು, ಅವರ ಅಧ್ಯಾಯವೂ ಮುಗಿಯಿತು. ಅದೇ ತಿಂಗಳು ಜೆರಾರ್ಡ್ ಝರಾಗೋಝಾ ನೇಮಕಗೊಂಡರು. ಹಿಂದೆ ಕ್ವಾಡ್ರಾತ್ ಅವರಿಗೆ ಸಹಾಯಕರಾಗಿದ್ದವರೇ ಅವರು.

ಅಭಿಮಾನಿಗಳಲ್ಲಿ ಎರಡು ಬಣಗಳಾದದ್ದು ಇಲ್ಲಿಂದಲೇ. ಒಂದು ಬಣದ ವಾದ ಸರಳ: ಸೋತ ಕೋಚನ್ನು ಇಟ್ಟುಕೊಂಡರೆ ತಂಡ ಮುಳುಗುತ್ತದೆ, ವೃತ್ತಿಪರ ಕ್ರೀಡೆಯಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಇನ್ನೊಂದು ಬಣ ತಾಳ್ಮೆಯ ಪರ: ತಂಡ ಕಟ್ಟಲು ಎರಡು ಮೂರು ಋತು ಬೇಕು, ಸಸಿ ನೆಟ್ಟ ಮರುದಿನ ಬೇರು ಕಿತ್ತು ನೋಡಿದರೆ ಗಿಡ ಬದುಕುವುದಿಲ್ಲ.

ಅಂಕಿ ಅಂಶಗಳು ಯಾವ ಬಣಕ್ಕೂ ಪೂರ್ಣ ಜಯ ನೀಡುವುದಿಲ್ಲ. ಕ್ವಾಡ್ರಾತ್ ಹೋದ 2020–21ರಲ್ಲಿ ತಂಡಕ್ಕೆ 7ನೇ ಸ್ಥಾನ. 2021–22ರಲ್ಲಿ 6. ಗ್ರೇಸನ್ ಬಂದ 2022–23ರಲ್ಲಿ 4ನೇ ಸ್ಥಾನ ಹಾಗೂ ಫೈನಲ್ ಪ್ರವೇಶ. 2023–24ರಲ್ಲಿ 12 ತಂಡಗಳ ಪೈಕಿ 10ನೇ ಸ್ಥಾನಕ್ಕೆ ಕುಸಿತ. 2024–25ರಲ್ಲಿ 3ನೇ ಸ್ಥಾನ ಹಾಗೂ ಮತ್ತೊಂದು ಫೈನಲ್. 10ನೇ ಸ್ಥಾನದ ನಂತರವೂ ಝರಾಗೋಝಾ ಅವರನ್ನು ಉಳಿಸಿಕೊಂಡದ್ದರಿಂದ ಫಲ ಸಿಕ್ಕಿತು ಎನ್ನುವವರ ಮಾತಿನಲ್ಲಿ ಹುರುಳಿದೆ. ಗ್ರೇಸನ್ ಅವರನ್ನು ತಡಮಾಡದೆ ತೆಗೆದದ್ದರಿಂದಲೇ ಅದು ಸಾಧ್ಯವಾಯಿತು ಎನ್ನುವವರನ್ನೂ ತಳ್ಳಿಹಾಕಲಾಗದು.

ಕ್ವಾಡ್ರಾತ್ ಅವರ ಮುಂದಿನ ಹಾದಿಯೂ ಇದನ್ನೇ ಹೇಳುತ್ತದೆ. ಅವರು 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ತಂಡಕ್ಕೆ ಸೂಪರ್ ಕಪ್ ಗೆದ್ದುಕೊಟ್ಟಾಗ 'ನಾವು ಚಿನ್ನ ಕೈಬಿಟ್ಟೆವು' ಎಂದು ಬೆಂಗಳೂರಿನ ಅಭಿಮಾನಿ ಮರುಗಬಹುದಿತ್ತು. ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ಸತತ ಸೋಲಿನ ನಡುವೆ ಅವರು ಅಲ್ಲಿಂದಲೂ ಹೊರಬಿದ್ದರು. ಕೇವಲ ಫಲಿತಾಂಶ ಮುಂದಿಟ್ಟುಕೊಂಡು ಈ ವ್ಯಾಜ್ಯ ತೀರುವುದಿಲ್ಲ. ಕೋಚ್‌ನಿಂದ ಕ್ಲಬ್ ಏನನ್ನು ನಿರೀಕ್ಷಿಸಿತ್ತು, ಎಷ್ಟು ಕಾಲ ಕೊಡಲು ಸಿದ್ಧವಿತ್ತು ಎಂಬುದು ತಿಳಿದಿದ್ದರೆ ಮಾತ್ರ ತೀರ್ಮಾನ ಸರಿಯೋ ತಪ್ಪೋ ಎಂದು ಅಳೆಯಬಹುದು. ಆ ಅಳತೆಗೋಲು ಅಭಿಮಾನಿಯ ಕೈಗೆ ಎಂದೂ ಸಿಕ್ಕಿಲ್ಲ.

ಘಟ್ಟ ಇಳಿದ ಆಟಗಾರರು

ಆಟಗಾರರ ವರ್ಗಾವಣೆಯ ವಿಷಯದಲ್ಲಿ ಬೆಳಗಾವಿ ಭಾಗದ ನೋವೇ ಬೇರೆ. 2014ರಿಂದ ಬೆಂಗಳೂರಿನಲ್ಲಿ ಬೆಳೆದ ಉದಾಂತ ಸಿಂಗ್ 2023ರಲ್ಲಿ ಎಫ್‌ಸಿ ಗೋವಾ ಸೇರಿದರು. ಒಂದೇ ಋತು ಆಡಿದ್ದ ರಕ್ಷಣಾ ಆಟಗಾರ ಸಂದೇಶ್ ಝಿಂಗನ್ ಕೂಡ ಅದೇ ವರ್ಷ ಅದೇ ಕ್ಲಬ್‌ಗೆ ಹೋದರು. ಬೆಂಗಳೂರಿನ ಅಭಿಮಾನಿಗೆ ಇದು ಇಬ್ಬರು ಆಟಗಾರರ ನಿರ್ಗಮನ. ಒಂದೇ ಮನೆಯಲ್ಲಿ ಅಣ್ಣ ನೀಲಿ ಅಂಗಿ, ತಮ್ಮ ಕಿತ್ತಳೆ ಅಂಗಿ ತೊಡಬಹುದಾದ ಗಡಿ ಸೀಮೆಯಲ್ಲಿ ಇದು ಪಕ್ಕದ ಮನೆಗೆ ಸೋತಂತೆ.

2019ರ ಫೈನಲ್‌ನ ವೀರ ಭೆಕೆ ಅವರ ಕತೆ ಇನ್ನೂ ಸ್ವಾರಸ್ಯಕರ. 2021ರಲ್ಲಿ ಬೆಂಗಳೂರು ಬಿಟ್ಟು ಮುಂಬೈ ಸಿಟಿ ಸೇರಿದ ಅವರು 2023–24ರಲ್ಲಿ ನಾಯಕರಾಗಿ ಆ ತಂಡಕ್ಕೆ ಐಎಸ್‌ಎಲ್ ಕಪ್ ತಂದರು. 2024ರಲ್ಲಿ ಮರಳಿ ಬೆಂಗಳೂರಿಗೆ ಬಂದರು. ಬಿಟ್ಟದ್ದು ತಪ್ಪಾಗಿದ್ದರೆ ಆ ತಪ್ಪು ಯಾರದು? ಕರೆತಂದದ್ದು ಸರಿಯಾದರೆ ಆ ಶ್ರೇಯ ಯಾರದು? ಕೋಚ್, ಕ್ರೀಡಾ ನಿರ್ದೇಶಕ, ಮಾಲೀಕ ಇವರಲ್ಲಿ ಅಂತಿಮ ಮಾತು ಯಾರದೆಂದು ಹೊರಗಿನವರಿಗೆ ತಿಳಿಯದಿರುವುದರಿಂದ ಸೋತಾಗ ಕಲ್ಲು ಬೀಳುವುದು ಕಣ್ಣಿಗೆ ಕಾಣುವ ಕೋಚ್ ಮೇಲೆಯೇ.

ಸಂಬಳ ನಿಂತ ದಿನ

ಈ ಎಲ್ಲ ವಾದಗಳನ್ನು ಸಣ್ಣದಾಗಿಸಿದ ತೀರ್ಮಾನ ಬಂದದ್ದು 2025ರ ಆಗಸ್ಟ್ 4ರಂದು. ಹಿರಿಯರ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಲಾಗಿದೆ ಎಂದು ಕ್ಲಬ್ ಪ್ರಕಟಿಸಿತು. ಕಿರಿಯರ ತಂಡಗಳು ಹಾಗೂ ತರಬೇತಿ ಶಾಲೆಗಳಿಗೆ ಇದರಿಂದ ತೊಂದರೆಯಿಲ್ಲ ಎಂದೂ ಹೇಳಿತು. ನಾಲ್ಕೇ ತಿಂಗಳ ಹಿಂದೆ, ಏಪ್ರಿಲ್ 12ರಂದು, ಇದೇ ತಂಡ ಕೋಲ್ಕತ್ತದಲ್ಲಿ ಮೋಹನ್ ಬಾಗನ್ ವಿರುದ್ಧ ಐಎಸ್‌ಎಲ್ ಫೈನಲ್ ಆಡಿ 1–2ರಿಂದ ಸೋತಿತ್ತು. ಅದಕ್ಕೂ ಮುನ್ನ ಫತೋರ್ಡಾದಲ್ಲಿ ಸುನಿಲ್ ಛೆಟ್ರಿ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲು ಎಫ್‌ಸಿ ಗೋವಾ ತಂಡವನ್ನು ಸೆಮಿಫೈನಲ್‌ನಲ್ಲಿ ಹೊರಗಟ್ಟಿತ್ತು.

ಕ್ಲಬ್ ಕೊಟ್ಟ ಕಾರಣ ಕ್ಷುಲ್ಲಕವಾಗಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಯ ನಡುವೆ 2010ರಲ್ಲಿ ಆದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ನವೀಕರಣದ ಸ್ಪಷ್ಟತೆ ಇಲ್ಲದ್ದರಿಂದ ಜುಲೈನಲ್ಲಿಯೇ ಲೀಗ್‌ಗೆ ತಡೆ ಬಿದ್ದಿತ್ತು. ಪಂದ್ಯವೇ ಇಲ್ಲದಿದ್ದರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ, ಪ್ರಸಾರದ ಹಣವೂ ಇಲ್ಲ. ಮತ್ತೆ ಕೆಲವು ಕ್ಲಬ್‌ಗಳೂ ಇದೇ ಹಾದಿ ಹಿಡಿದವು. ಹೊಸ ವಾಣಿಜ್ಯ ಪಾಲುದಾರನಿಗಾಗಿ ಫೆಡರೇಷನ್ ಕರೆದ ಟೆಂಡರ್‌ಗೆ ನವೆಂಬರ್‌ನಲ್ಲಿ ಒಬ್ಬ ಬಿಡ್‌ದಾರನೂ ಬರಲಿಲ್ಲ. ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ, ಫೆಬ್ರವರಿ 14ರಿಂದ 14 ಕ್ಲಬ್‌ಗಳ ಲೀಗ್ ನಡೆಯಲಿದೆ ಎಂದು ಪ್ರಕಟಿಸಿದರು.

ಕೋಚ್ ಬದಲಾದರೆ ಒಂದು ಋತು ಹಾಳಾಗಬಹುದು. ಮಾಲೀಕ ಕೈಬಿಟ್ಟರೆ ಕ್ಲಬ್ಬೇ ಇಲ್ಲವಾಗುತ್ತದೆ. ಇದು ಬರಿಯ ಊಹೆಯಲ್ಲ. ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ರಾಷ್ಟ್ರೀಯ ಲೀಗ್ ಹಾಗೂ ಐ–ಲೀಗ್ ಸೇರಿ ಐದು ಬಾರಿ ಚಾಂಪಿಯನ್ ಆಗಿದ್ದ ಡೆಂಪೊ, ಜೊತೆಗೆ ಸಾಲ್ಗಾಂವಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್‌ಗಳು 2016ರಲ್ಲಿ ಐ–ಲೀಗ್‌ನಿಂದ ಹಿಂದೆ ಸರಿದವು. ಘಟ್ಟದ ಕೆಳಗಿನ ಈ ಇತಿಹಾಸ ದೇಸೂರ, ಖಾನಾಪುರದ ಹಿರಿಯ ಫುಟ್‌ಬಾಲ್ ಪ್ರೇಮಿಗಳಿಗೆ ಹೊಸದಲ್ಲ. ಕಂಪನಿ ಲೆಕ್ಕ ಪುಸ್ತಕ ಮುಚ್ಚಿದ ದಿನ ಅಭಿಮಾನಿಯ ಅಂಗಿ ಗೂಟದಲ್ಲಿ ನೇತಾಡುತ್ತ ಉಳಿಯುತ್ತದೆ.

ಅಭಿಮಾನಿಗೆ ಇರುವ ಅಸ್ತ್ರ

ಹಾಗಾದರೆ ಅಭಿಮಾನಿ ಮಾಡಬಹುದಾದದ್ದೇನು? ಹಣ ಹಾಕಿದವನಿಗೆ ತೀರ್ಮಾನದ ಹಕ್ಕಿದೆ ಎಂಬ ವಾದವನ್ನು ಅಲ್ಲಗಳೆಯಲಾಗದು. ಆದರೆ ಹಣ ಹಾಕಿದವನು ಎಂದೂ ಮಣಿಯುವುದಿಲ್ಲ ಎಂಬುದೂ ನಿಜವಲ್ಲ. 2020ರಲ್ಲಿ ಎಟಿಕೆ ಜೊತೆ ವಿಲೀನಗೊಂಡ ಮೋಹನ್ ಬಾಗನ್‌ನ ಅಭಿಮಾನಿಗಳು ಹೆಸರಿನಿಂದ 'ಎಟಿಕೆ' ಕಿತ್ತುಹಾಕಬೇಕೆಂದು ಮೂರು ವರ್ಷ ಹಟ ಹಿಡಿದರು. 2023ರ ಮಾರ್ಚ್ 18ರ ರಾತ್ರಿ ಫತೋರ್ಡಾದಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಬೆಂಗಳೂರನ್ನು ಮಣಿಸಿ ಕಪ್ ಎತ್ತಿದ ಬೆನ್ನಿಗೇ ಮಾಲೀಕ ಸಂಜೀವ್ ಗೋಯೆಂಕಾ ಹೆಸರು ಬದಲಾವಣೆ ಘೋಷಿಸಿದರು. ಬೆಂಗಳೂರಿನವರು ಕಪ್ ಕಳೆದುಕೊಂಡ ರಾತ್ರಿಯೇ ಎದುರಾಳಿ ಅಭಿಮಾನಿಗಳು ಮಾಲೀಕನ ಎದುರು ಗೆದ್ದಿದ್ದರು.

ಕೇರಳದಲ್ಲಿ ಬ್ಲಾಸ್ಟರ್ಸ್ ತಂಡದ 'ಮಂಜಪ್ಪಡ' ಅಭಿಮಾನಿ ಬಳಗ 2024ರ ಡಿಸೆಂಬರ್‌ನಲ್ಲಿ ಆಡಳಿತದ ಧೋರಣೆ ವಿರೋಧಿಸಿ ಟಿಕೆಟ್ ಬಹಿಷ್ಕಾರಕ್ಕೆ ಇಳಿಯಿತು. ಮರುತಿಂಗಳೇ ಕ್ಲಬ್ ಅಭಿಮಾನಿಗಳ ಸಲಹಾ ಮಂಡಳಿ ರಚಿಸುವುದಾಗಿ ಹೇಳಿತು. ಜರ್ಮನಿಯಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕ್ಲಬ್‌ನ ಮತಾಧಿಕಾರದ ಬಹುಪಾಲು ಸದಸ್ಯರ ಬಳಿಯೇ ಇರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ 2025ರ ಜುಲೈನಲ್ಲಿ ಜಾರಿಗೆ ಬಂದ ಕಾಯ್ದೆ ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕನನ್ನು ನೇಮಿಸಿ, ಕ್ಲಬ್‌ಗಳು ಅಭಿಮಾನಿಗಳೊಡನೆ ಸಮಾಲೋಚಿಸಬೇಕೆಂದು ವಿಧಿಸಿದೆ.

ಬೆಂಗಳೂರಿನಲ್ಲಿಯೂ 2013ರಿಂದ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಸಂಘಟಿತ ಅಭಿಮಾನಿ ಬಳಗವಿದೆ. ಕಂಠೀರವಕ್ಕೆ ಬರುವ ಅಭಿಮಾನಿಗೆ ಒಂದು ಅಸ್ತ್ರವಾದರೂ ಉಂಟು. ಅವನು ಫಲಕ ಹಿಡಿಯಬಲ್ಲ, ಘೋಷಣೆ ಕೂಗಬಲ್ಲ, ಕುರ್ಚಿ ಖಾಲಿ ಬಿಡಬಲ್ಲ. ದೇಸೂರಿನ ಅಭಿಮಾನಿಗೆ ಖಾಲಿ ಬಿಡಲು ಕುರ್ಚಿಯೇ ಇಲ್ಲ. ಮೊಬೈಲ್ ಪರದೆಯ ಮುಂದೆ ಕುಳಿತವನ ಮೌನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾಜ್ಯದ ಉದ್ದಗಲಕ್ಕೂ ಹರಡಿರುವ ಇಂಥವರಿಗೆ ಕ್ಲಬ್‌ನೊಡನೆ ಇರುವ ನಂಟು ಸುದ್ದಿಯ ಮೂಲಕವೇ. ಎರಡು ಸಾಲಿನ ಪ್ರಕಟಣೆಯಲ್ಲಿ ಆ ನಂಟನ್ನು ಮುಗಿಸಿದರೆ ಉಳಿಯುವುದು ಊಹೆ ಮತ್ತು ಬೈಗುಳ ಮಾತ್ರ.

ಕ್ಲಬ್‌ಗೆ ಮಾತು ಬಾರದೆಂದಲ್ಲ. 2021ರ ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನಲ್ಲಿ ತಂಡದವರು ಕೋವಿಡ್ ನಿಯಮ ಮುರಿದಾಗ ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿ ಕ್ಷಮೆ ಕೋರಿದ್ದರು. ತಪ್ಪಾದಾಗ ತೋರಿದ ಆ ನೇರ ನಡೆ ತೀರ್ಮಾನಗಳ ವಿಷಯದಲ್ಲಿಯೂ ಬರಬೇಕು. ಋತು ಮುಗಿದ ಮೇಲೆ ಒಮ್ಮೆ ಲೆಕ್ಕ ಒಪ್ಪಿಸಬೇಕು: ಗುರಿ ಏನಿತ್ತು, ಎಷ್ಟು ಈಡೇರಿತು, ಯಾರನ್ನು ಏಕೆ ಬಿಡಲಾಯಿತು, ಮುಂದಿನ ವರ್ಷಕ್ಕೆ ಹಣವಿದೆಯೇ. ವರ್ಷಕ್ಕೊಮ್ಮೆ ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳಲ್ಲಿ ಅಭಿಮಾನಿಗಳ ಸಭೆ ಕರೆಯಲು ಕೋಟಿಗಳು ಬೇಕಿಲ್ಲ. ಕೋಚ್ ಆಯ್ಕೆಯಲ್ಲಿ ಮತ ಕೇಳುವಷ್ಟು ದೂರ ಅಭಿಮಾನಿ ಹೋಗಿಲ್ಲ. ಅವನು ಕೇಳುತ್ತಿರುವುದು ಕಾರಣ ಮಾತ್ರ.

ಅದನ್ನು ಹೇಳದೆ ಉಳಿದರೆ ನಷ್ಟ ಯಾರಿಗೆ? ದೇಸೂರಿನ ಹುಡುಗ ಫುಟ್‌ಬಾಲ್ ಬಿಡುವುದಿಲ್ಲ. ಅವನು ನಿಲ್ದಾಣದಲ್ಲಿ ಟಿಕೆಟ್ ತೆಗೆಸಿ ಲೋಂಡಾದವರೆಗೆ ಹೋಗಿ, ಅಲ್ಲಿಂದ ಮಡಗಾಂವದ ಗಾಡಿ ಹತ್ತಬಹುದು. ಫತೋರ್ಡಾ ಅವನಿಗೆ ಮೊದಲಿನಿಂದಲೂ ಹತ್ತಿರ. ಅವನನ್ನು ಇಷ್ಟು ವರ್ಷ ಬೆಂಗಳೂರಿನ ಕಡೆ ಹಿಡಿದಿಟ್ಟದ್ದು 'ನಮ್ಮ ತಂಡ' ಎಂಬ ಎರಡು ಪದ. ಅದರಲ್ಲಿ 'ನಮ್ಮ' ಎಂಬುದಕ್ಕೆ ಅರ್ಥ ಉಳಿಸುವ ಹೊಣೆ ಕ್ಲಬ್‌ನ ಕಚೇರಿಯದು.