‘ಎಲ್ಲಿಗೆ?’ ಎಂದು ಕೇಳುವವರಿಗೆ

ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವುದು ಅಶುಭವೆಂದೂ ಅಸಭ್ಯವೆಂದೂ ನಮ್ಮ ಕಡೆಯ ಹಿರಿಯರು ತಿಳಿದಿದ್ದರು. ಕೇಳಲೇಬೇಕಾದರೆ ‘ದೂರ ಹೊರಟಿರಾ?’ ಎನ್ನುತ್ತಿದ್ದರು. ‘ಇಲ್ಲೇ, ಹೀಗೇ ಸುಮ್ಮನೆ’ ಎಂಬ ಉತ್ತರ ಇಬ್ಬರ ಮರ್ಯಾದೆಯನ್ನೂ ಕಾಯುತ್ತಿತ್ತು. ಮುಂಬಯಿಯಲ್ಲಿ ಆ ಪ್ರಶ್ನೆಯನ್ನು ವಸತಿ ಸಂಕೀರ್ಣದ ಕಾವಲುಗಾರನೂ ಕೇಳುತ್ತಾನೆ, ಸಂಘದ ಮಿತ್ರರೂ ಕೇಳುತ್ತಾರೆ. ‘ಸುಮ್ಮನೆ’ ಎಂದವನನ್ನು ಮೊದಲಿನವನು ಸಂಶಯದಿಂದ ನೋಡಿದರೆ ಮಿತ್ರರು ಕನಿಕರದಿಂದ ನೋಡುತ್ತಾರೆ. ನನ್ನ ತಕರಾರು ಹೆಚ್ಚಾಗಿ ಮಿತ್ರರ ಮೇಲೆಯೇ.

ಏಕೆಂದರೆ ಅವರೂ ನಡೆಯುತ್ತಾರೆ. ಆದರೆ ಅವರ ನಡಿಗೆಗೆ ‘ವಾಕಿಂಗ್’ ಎಂದು ಹೆಸರು. ಅದು ವೈದ್ಯರು ಬರೆದುಕೊಟ್ಟ ಮಾತ್ರೆಯ ಇನ್ನೊಂದು ರೂಪ. ಮಣಿಕಟ್ಟಿನ ಯಂತ್ರ ಹತ್ತು ಸಾವಿರ ಹೆಜ್ಜೆ ಎಂದು ತೋರಿಸುವವರೆಗೆ ಉದ್ಯಾನದ ಒಂದೇ ವರ್ತುಲವನ್ನು ಗಾಣದೆತ್ತಿನಂತೆ ಸುತ್ತುತ್ತಾರೆ. ಈ ಹತ್ತು ಸಾವಿರದ ಮೂಲವೇನೆಂದು ಬಲ್ಲವರು ಕಡಿಮೆ. 1964ರ ಟೋಕಿಯೋ ಒಲಿಂಪಿಕ್ಸ್‌ನ ಉತ್ಸಾಹ ಇನ್ನೂ ಇಳಿಯದಿದ್ದ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಉಪಕರಣವನ್ನು ಮಾರಾಟಕ್ಕೆ ತಂದು ‘ಮಾನ್‌ಪೊ-ಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಹೆಸರಿಟ್ಟಿತು. ವ್ಯಾಪಾರದ ಹೆಸರು ಕಾಲಕ್ರಮದಲ್ಲಿ ಶಾಸ್ತ್ರವಾಯಿತು. ಇಂದು ನಮ್ಮ ಸುಶಿಕ್ಷಿತ ಬಂಧುಗಳು ಒಂಬತ್ತು ಸಾವಿರದ ಎಂಟುನೂರಕ್ಕೆ ಮನೆ ಮುಟ್ಟಿದರೆ ಹಜಾರದಲ್ಲಿಯೇ ಸುತ್ತು ಹಾಕಿ ಬಾಕಿ ತೀರಿಸುತ್ತಾರೆ.

ನಾನು ರಜೆಯ ದಿನ ಬೆಳಗ್ಗೆ ಆಂಟಾಪ್ ಹಿಲ್‌ನ ಕಡೆಯಿಂದ ಹಳೆಯ ಸೈಕಲ್ಲಿನಲ್ಲಿ ಹೊರಡುತ್ತೇನೆ. ಹೊರಡುವಾಗ ದಾರಿ ಗೊತ್ತಿರುವುದಿಲ್ಲ. ಒಮ್ಮೊಮ್ಮೆ ವಡಾಲಾ ದಾಟಿ ಪಾರಸಿ ಕಾಲೊನಿಯ ಮರಗಳಡಿಯ ಬೀದಿಗಳಲ್ಲಿ ಸುತ್ತಿ, ಒಂದೇ ತಿರುವಿಗೆ ಮೂರು ಬಾರಿ ಬಂದು, ಫೈವ್ ಗಾರ್ಡನ್ಸ್‌ನ ಬೆಂಚಿನ ಮೇಲೆ ಕೂರುತ್ತೇನೆ. ಒಮ್ಮೊಮ್ಮೆ ಮಾತುಂಗಾ ಮಾರುಕಟ್ಟೆಯಲ್ಲಿ ಸೈಕಲ್ಲಿಳಿದು, ಮಲ್ಲಿಗೆ ದಂಡೆ ಕಟ್ಟುವ ಬೆರಳುಗಳ ವೇಗವನ್ನು ನೋಡುತ್ತ ಕಾಫಿಗೆ ಹೋಗುವುದನ್ನೇ ಮರೆಯುತ್ತೇನೆ. ಅಲ್ಲಿಯೇ ಕಿಂಗ್ಸ್ ಸರ್ಕಲ್ಲಿನ ಮೇಲ್ಸೇತುವೆಯ ಕೆಳಗೆ, ನಾಗರಿಕರ ಹಟದಿಂದ 2016ರಲ್ಲಿ ಉದ್ಯಾನವಾಗಿ ತೆರೆದ ಉದ್ದನೆಯ ಜಾಗವಿದೆ. ನರ್ಮದಾ ನದಿಯ ಹರಿವಿನಂತೆ ಬಳುಕುವ ಕಾಲುದಾರಿ. ತಲೆಯ ಮೇಲೆ ಲಾರಿಗಳ ಗುಡುಗು, ಕೆಳಗೆ ಪೇಪರು ಓದುವ ವೃದ್ಧರು. ಇಂಥದನ್ನು ಹುಡುಕಿಕೊಂಡು ಹೋದರೆ ‘ನೋಡಿದ್ದಾಯಿತು’ ಎಂದು ಹಿಂತಿರುಗುತ್ತೇವೆ. ತಾನಾಗಿ ಎದುರಾದರೆ ಅದು ನಮ್ಮದಾಗುತ್ತದೆ. ಈ ವ್ಯತ್ಯಾಸವನ್ನು ಅಂಕಿಅಂಶದಿಂದ ಸಾಧಿಸಿ ತೋರಿಸಲು ನನ್ನಿಂದಾಗದು. ಸಾಧಿಸಬೇಕೆಂಬ ಹಂಬಲವೂ ಇಲ್ಲ.

ಚಳಿಗಾಲದಲ್ಲಿ ಸೈಕಲ್ಲು ತಾನಾಗಿಯೇ ಶಿವಡಿಯ ಜೆಟ್ಟಿಯ ಕಡೆ ತಿರುಗುತ್ತದೆ. ಕೆಸರಿನ ಮೇಲೆ ಗುಲಾಬಿ ಬಣ್ಣದ ಫ್ಲೆಮಿಂಗೋಗಳು ತಲೆ ತಗ್ಗಿಸಿ ಮೇಯುತ್ತಿರುತ್ತವೆ. ಅಲ್ಲಿಂದಲೇ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಸಮುದ್ರದ ಮೇಲೆ ಹೊರಡುತ್ತದೆ. ಸುಮಾರು 22 ಕಿಲೋಮೀಟರು ಉದ್ದದ ಆ ಸೇತುವೆ ಕಣ್ಣಿಗೆ ಹಬ್ಬ, ಎಂಜಿನಿಯರುಗಳಿಗೆ ಹೆಮ್ಮೆ. ಆದರೆ ಪಾದಚಾರಿಗೆ, ಸೈಕಲ್ಲಿಗೆ, ಮೋಟಾರ್ ಸೈಕಲ್ಲಿಗೆ ಕೂಡ ಅಲ್ಲಿ ಪ್ರವೇಶವಿಲ್ಲ. 2009ರ ಬಾಂದ್ರಾ-ವರ್ಲಿ ಸೇತುವೆಯಲ್ಲಿಯೂ ಇದೇ ನಿಯಮ. 2024ರ ಕರಾವಳಿ ರಸ್ತೆಯೂ ಮುಖ್ಯವಾಗಿ ಕಾರಿನದೇ. ನ್ಯಾಯಕ್ಕೆ ಹೇಳಬೇಕೆಂದರೆ ಅದರ ಮಗ್ಗುಲಲ್ಲಿ ನಡೆಯುವವರಿಗೆಂದು ವಿಹಾರಪಥವೊಂದು ಬಂದಿದೆ. ವೇಗ, ಸುರಕ್ಷತೆ, ಸಮುದ್ರದ ಗಾಳಿ ಎಂಬ ಕಾರಣಗಳನ್ನು ಕಡತಗಳಲ್ಲಿ ಹೇಗೆ ಬರೆಯುತ್ತಾರೆಂದು ಕಡತಗಳ ನಡುವೆಯೇ ತಲೆ ನರೆತ ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಪ್ರಶ್ನೆ ಸರಳವಾದದ್ದು: ರೈಲಿಳಿದು ಎರಡೂ ತುದಿಯಲ್ಲಿ ನಡೆದೇ ಬದುಕುವ ಊರಿನಲ್ಲಿ, ಸಾರ್ವಜನಿಕ ಸಮುದ್ರದ ಮೇಲೆ ಸಾರ್ವಜನಿಕ ಸಂಸ್ಥೆ ಕಟ್ಟಿದ ಸೇತುವೆಯಲ್ಲಿ ನಾಲ್ಕಡಿ ಅಗಲದ ಕಾಲುದಾರಿಗೆ ಜಾಗ ಸಾಲಲಿಲ್ಲವೇ?

ಇದಕ್ಕಿಂತ ಗಂಭೀರವಾದದ್ದು ಶಾಸನದ ಭಾಷೆ. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆ, ಕೈಯೊಡ್ಡಿ ಬೇಡುವವನನ್ನು ಮಾತ್ರವೇ ಭಿಕ್ಷುಕನೆನ್ನುವುದಿಲ್ಲ. ಜೀವನೋಪಾಯ ಕಣ್ಣಿಗೆ ಕಾಣದೆ, ಬೇಡಿಯೇ ಬದುಕುತ್ತಿರಬಹುದೆಂದು ತೋರುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆಯುವುದನ್ನೂ ಅದು ಭಿಕ್ಷಾಟನೆಯ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ದೆಹಲಿಗೆ ಅನ್ವಯಿಸಲಾಗಿದ್ದ ಈ ಕಾಯಿದೆಯ ಮುಖ್ಯ ಕಲಮುಗಳನ್ನು ಅಲ್ಲಿನ ಉಚ್ಚ ನ್ಯಾಯಾಲಯ 2018ರಲ್ಲಿ ರದ್ದುಪಡಿಸಿತು. ಆ ತೀರ್ಪು ದೆಹಲಿಗೆ ಸೀಮಿತ. ಇಡೀ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆಯೊತ್ತಲು ಬ್ರಿಟಿಷರು 1871ರಲ್ಲಿ ತಂದ ಕಾಯಿದೆ 1952ರಲ್ಲಿ ಹೋಯಿತು, ಮನೋಭಾವ ಹೋಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಾನು ಗೊತ್ತುಗುರಿಯಿಲ್ಲದೆ ತಿರುಗಿದರೆ ವಾಯುವಿಹಾರ. ಹರಕು ಅಂಗಿಯವನು ಅದೇ ಬೀದಿಯಲ್ಲಿ ಅದೇ ಹೊತ್ತಿನಲ್ಲಿ ತಿರುಗಿದರೆ ಆಪಾದನೆ. ಸರಕಾರಿ ಅಧಿಕಾರಿ ಹೀಗೆ ಬರೆಯಬಹುದೇ ಎನ್ನುವವರಿಗೆ ಇಷ್ಟೇ ಉತ್ತರ: ಪ್ರಕಟವಾದ ಶಾಸನವನ್ನು ಓದಿ ಹೇಳುವುದು ರಹಸ್ಯಭೇದವಲ್ಲ.

ಸ್ತ್ರೀಯರ ಪಾಡು ಬೇರೆಯದೇ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಈ ಮುಂಬಯಿಯನ್ನೇ ಅಧ್ಯಯನ ಮಾಡಿ 2011ರಲ್ಲಿ ‘ವೈ ಲಾಯ್ಟರ್?’ ಎಂಬ ಪುಸ್ತಕ ಬರೆದರು. ಸ್ತ್ರೀಯರಿಗೆ ಬೇಕಾದದ್ದು ರಕ್ಷಣೆಯೊಂದೇ ಅಲ್ಲ, ಕಾರಣ ಹೇಳದೆ ಬೀದಿಯಲ್ಲಿ ಇರುವ ಹಕ್ಕು ಎಂಬುದು ಅವರ ವಾದ. ನಮ್ಮ ಸಮಾರಂಭಗಳಲ್ಲಿ ಸ್ತ್ರೀಶಕ್ತಿಯ ಮೇಲೆ ಭಾಷಣ ಮಾಡುವ ಮಹನೀಯರು ತಮ್ಮ ಸೊಸೆ ಸಂಜೆ ಏಳಕ್ಕೆ ಚಪ್ಪಲಿ ಮೆಟ್ಟಿ, ಕೈಯಲ್ಲಿ ತರಕಾರಿ ಚೀಲವೂ ಇಲ್ಲದೆ, ‘ಸುಮ್ಮನೆ ಒಂದು ಸುತ್ತು ಹೋಗಿಬರುತ್ತೇನೆ, ಮಾವ’ ಎಂದರೆ ಏನೆನ್ನುತ್ತಾರೆಂದು ತಿಳಿಯುವ ಕುತೂಹಲ ನನಗಿದೆ.

‘ನಿಮಗೇನು, ಸರಕಾರಿ ವಸತಿ, ಭಾನುವಾರದ ರಜೆ, ಲೋಕಲ್ಲಿನಲ್ಲಿ ಮೂರು ತಾಸು ನಿಂತು ಬಂದವನಿಗೆ ತಿರುಗಾಟವೆಲ್ಲಿ?’ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿಂದಿನ ತಲೆಮಾರಿಗೆ ಬಿಡುವು ಇದಕ್ಕಿಂತ ಕಡಿಮೆಯಿತ್ತು. ಅವರಲ್ಲಿ ಕೆಲವರ ಬಾಯಿಂದಲೇ ಕೇಳಿದ್ದೇನೆ: ಕೈಯಲ್ಲಿ ಕಾಸಿಲ್ಲದ ರಜೆಯ ದಿನ ಕೋಟೆಯಿಂದ ಗಿರಗಾಂವ್‌ವರೆಗೆ ಬೀದಿ ಬೀದಿ ತಿರುಗಿಯೇ ಅವರು ಮರಾಠಿಯನ್ನೂ ಮುಂಬಯಿಯನ್ನೂ ಕಲಿತರು. ಚಿತ್ತಾಲರ ‘ಶಿಕಾರಿ’ಯಲ್ಲಿ, ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಈ ನಗರ ಕನ್ನಡಕ್ಕೆ ಬಂದದ್ದು ಬೀದಿಯನ್ನು ಬಲ್ಲ ಕಣ್ಣುಗಳಿಂದ, ಕಾರಿನ ಕಿಟಕಿಯಿಂದ ಅದು ಬರುತ್ತಿರಲಿಲ್ಲ. ಈಗ ಮೂವತ್ತು ವರ್ಷ ಇಲ್ಲಿದ್ದೂ ಮನೆ, ಕಚೇರಿ, ಸಂಘ ಎಂಬ ಮೂರು ಬಿಂದುಗಳ ಹೊರಗೆ ಹೆಜ್ಜೆಯಿಡದವರು ‘ಈ ಊರು ನಮ್ಮನ್ನು ಹೊರಗಿನವರೆಂದೇ ಕಾಣುತ್ತದೆ’ ಎಂದು ವೇದಿಕೆಯಲ್ಲಿ ದುಃಖಿಸುತ್ತಾರೆ. ನಾವು ಊರನ್ನು ಕಂಡದ್ದೆಷ್ಟು?

ಬರುವ ರಾಜ್ಯೋತ್ಸವಕ್ಕೆ ‘ಆರೋಗ್ಯ ನಡಿಗೆ’ ಏರ್ಪಡಿಸುವ ಪ್ರಸ್ತಾವವೊಂದು ಕಾರ್ಯಕಾರಿ ಸಮಿತಿಯ ಮುಂದಿದೆಯೆಂದು ಕೇಳಿದೆ: ಪ್ರಾಯೋಜಕರು, ಹಳದಿ-ಕೆಂಪು ಟೀ ಶರ್ಟು, ಐದು ಕಿಲೋಮೀಟರು, ಕೊನೆಗೆ ಪದಕ. ಅದನ್ನು ನಾನು ವಿರೋಧಿಸುತ್ತೇನೆ. ಬದಲಿಗೆ ಒಂದು ಭಾನುವಾರ ಬೆಳಗ್ಗೆ ಸದಸ್ಯರು, ಹೆಂಗಸರು ಮಕ್ಕಳು ಸಹಿತ, ಮಾತುಂಗಾ ನಿಲ್ದಾಣದ ಎದುರು ಸೇರಲಿ. ಗಡಿಯಾರಗಳನ್ನು ಮನೆಯಲ್ಲಿ ಬಿಟ್ಟು ಬರಲಿ. ಅಲ್ಲಿಂದ ಯಾರಿಗೆ ಯಾವ ಕಡೆ ತೋಚುವುದೋ ಆ ಕಡೆ ಹೋಗಲಿ. ಹಿಂತಿರುಗಿ ವರದಿ ಒಪ್ಪಿಸಬೇಕಾಗಿಲ್ಲ.